ಅದೃಷ್ಟ ಚೀಟಿ: ಮುಂಬಯಿಯ ಸಮಾರಂಭಗಳಲ್ಲಿ

ಒಂದೇ ಸಂಖ್ಯೆಯನ್ನು ಎರಡು ಕಡೆ ಅಚ್ಚು ಹಾಕಿ, ಅರ್ಧ ಭಾಗವನ್ನು ಕೊಂಡವರ ಕೈಗೆ ಕೊಟ್ಟು ಉಳಿದರ್ಧವನ್ನು ಸಂಘಟಕರ ಡಬ್ಬಿಗೆ ಹಾಕುವ ಕಾಗದದ ತುಂಡೇ ಅದೃಷ್ಟ ಚೀಟಿ. ಸಮಾರಂಭ ಮುಗಿಯುವ ಹೊತ್ತಿಗೆ ಡಬ್ಬಿಯಿಂದ ಕೆಲವು ತುಂಡುಗಳನ್ನು ಎತ್ತಿ ಸಂಖ್ಯೆಗಳನ್ನು ಕೂಗುತ್ತಾರೆ. ಆ ಸಂಖ್ಯೆಯ ಇನ್ನರ್ಧ ಯಾರ ಬಳಿ ಇದೆಯೋ ಅವರಿಗೆ ಬಹುಮಾನ. ಮುಂಬಯಿ ಕನ್ನಡಿಗರ ಆಮಂತ್ರಣ ಪತ್ರಿಕೆಗಳಲ್ಲಿ ಲಕ್ಕಿ ಡ್ರಾ, ಲಕ್ಕಿ ಡಿಪ್, ಲಕ್ಕಿ ಕೂಪನ್, ರಾಫಲ್ ಟಿಕೆಟ್, ಅದೃಷ್ಟ ಚೀಟಿ ಎಂಬ ಹೆಸರುಗಳೆಲ್ಲ ಬಳಕೆಯಲ್ಲಿವೆ. ಚೀಟಿ ಎತ್ತುವ ಕ್ರಿಯೆಗೆ ನಗರದ ಮರಾಠಿಯಲ್ಲಿ ಸೋಡತ್ ಎನ್ನುತ್ತಾರೆ.

ಸರ್ಕಾರಿ ಲಾಟರಿಗೂ ಇದಕ್ಕೂ ತತ್ವ ಒಂದೇ, ನಡೆಯುವ ರೀತಿ ಬೇರೆ. ಲಾಟರಿ ಟಿಕೆಟ್ ಕೊಳ್ಳುವವರಿಗೆ ಮಾರುವವರ ಪರಿಚಯ ಇರಬೇಕಾಗಿಲ್ಲ. ಸಂಘದ ಚೀಟಿಯನ್ನು ಮಾರುವವರು ಮಾತ್ರ ನೆಂಟರೋ ನೆರೆಯವರೋ ಒಂದೇ ಊರಿನವರೋ ಆಗಿರುತ್ತಾರೆ. ಬಹುಮಾನ ಹಣಕ್ಕಿಂತ ವಸ್ತುವಿನ ರೂಪದಲ್ಲೇ ಹೆಚ್ಚು. ಉಳಿದ ಹಣ ಒಂದು ಉದ್ದೇಶಕ್ಕೆ ಹೋಗುತ್ತದೆ ಎಂಬ ಭರವಸೆ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ: ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ಕಟ್ಟಡ ನಿಧಿ, ಇಗರ್ಜಿಯ ದುರಸ್ತಿ ಹೀಗೆ. ಗೆಲ್ಲುವ ಆಸೆಗಿಂತ ಕೇಳಿದವರಿಗೆ ಇಲ್ಲ ಎನ್ನಲಾಗದ ದಾಕ್ಷಿಣ್ಯವೇ ಹೆಚ್ಚಿನ ಚೀಟಿಗಳನ್ನು ಮಾರುತ್ತದೆ. ಆದ್ದರಿಂದಲೇ ಇದರ ಲೆಕ್ಕ ಕಟ್ಟುನಿಟ್ಟಾಗಿರಬೇಕು.

ಚೀಟಿಯ ರಚನೆ

ಮುಂಚಿತವಾಗಿ ಮಾರುವ ಚೀಟಿಗಳನ್ನು ಹತ್ತು, ಇಪ್ಪತ್ತು ಅಥವಾ ಇಪ್ಪತ್ತೈದರ ಪುಸ್ತಕಗಳಾಗಿ ಕಟ್ಟುತ್ತಾರೆ. ಪಿನ್ ಹೊಡೆದ ಬದಿಯಲ್ಲಿ ಉಳಿಯುವ ಸಣ್ಣ ಭಾಗ ಕೌಂಟರ್‌ಫಾಯಿಲ್. ಅದರಲ್ಲಿ ಸಂಖ್ಯೆ, ಕೊಂಡವರ ಹೆಸರು, ವಿಳಾಸ ಮತ್ತು ಫೋನ್ ನಂಬರಿಗೆ ಜಾಗ ಇರುತ್ತದೆ. ಹರಿದು ಕೊಡುವ ದೊಡ್ಡ ಭಾಗದಲ್ಲಿ ಅದೇ ಸಂಖ್ಯೆ, ಸಂಘದ ಹೆಸರು ಮತ್ತು ನೋಂದಣಿ ಸಂಖ್ಯೆ, ಚೀಟಿಯ ಬೆಲೆ, ಡ್ರಾ ನಡೆಯುವ ದಿನ, ಸ್ಥಳ ಮತ್ತು ಸಮಯ, ಬಹುಮಾನಗಳ ಪಟ್ಟಿ, ಎರಡು ಮೂರು ನಿಯಮಗಳು, ಕಾರ್ಯದರ್ಶಿ ಅಥವಾ ಕೋಶಾಧಿಕಾರಿಯ ಸಹಿ. ಕೆಳಗಿನ ಸಾಲಿನಲ್ಲಿ ಪ್ರಾಯೋಜಕರ ಹೆಸರು. ಬೆಲೆಗಿಂತಲೂ ಡ್ರಾದ ದಿನಾಂಕ ಇದರಲ್ಲಿ ಮುಖ್ಯ. ದಿನಾಂಕವಿಲ್ಲದ ಚೀಟಿಯ ಡ್ರಾ ಎಷ್ಟು ದಿನ ಮುಂದೆ ಹೋದರೂ ಕೇಳುವ ಆಧಾರ ಕೊಂಡವರಿಗೆ ಇರುವುದಿಲ್ಲ.

ಅಕ್ಷರ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಈ ಚೀಟಿ ಸಣ್ಣ ಮುದ್ರಣಾಲಯಗಳಿಗೆ ಸ್ವಲ್ಪ ನಾಜೂಕಿನ ಕೆಲಸವಾಗಿತ್ತು. ಟ್ರೆಡಲ್ ಯಂತ್ರದ ಚೌಕಟ್ಟಿನಲ್ಲಿ ಅಕ್ಷರಗಳ ಜೊತೆಗೆ ನಂಬರಿಂಗ್ ಮೆಷಿನ್ ಎಂಬ ಪುಟ್ಟ ಲೋಹದ ಸಾಧನವನ್ನು ಬಿಗಿಯುತ್ತಿದ್ದರು. ಅದರೊಳಗೆ ಅಂಕಿಗಳ ಗಾಲಿಗಳಿರುತ್ತವೆ. ಪ್ರತಿ ಒತ್ತಿಗೂ ಸಂಖ್ಯೆ ಒಂದೊಂದಾಗಿ ಏರುತ್ತದೆ. ಒಂದು ಚೀಟಿಯ ಎರಡು ಭಾಗಗಳಿಗೆ ಇಂಥ ಎರಡು ಸಾಧನ ಬೇಕು. ಅವುಗಳಲ್ಲಿ ಒಂದು ಒಮ್ಮೆ ಸಿಕ್ಕಿಕೊಂಡರೆ ಅಲ್ಲಿಂದ ಮುಂದಿನ ಎಲ್ಲ ಚೀಟಿಗಳಲ್ಲಿ ಎರಡು ಭಾಗದ ಸಂಖ್ಯೆ ಬೇರೆ ಬೇರೆಯಾಗುತ್ತದೆ. ಹರಿಯುವ ಗೆರೆಗೆ ಹಲ್ಲಿರುವ ಉಕ್ಕಿನ ಪಟ್ಟಿ ಕೂರಿಸಿ ತೂತಿನ ಸಾಲು ಹೊಡೆಯುತ್ತಾರೆ. ಆಫ್‌ಸೆಟ್ ಮತ್ತು ಡಿಜಿಟಲ್ ಮುದ್ರಣ ಬಂದ ಮೇಲೆ ಸಂಖ್ಯೆಯನ್ನು ಕಂಪ್ಯೂಟರೇ ಹಾಕುತ್ತದೆ. ಆದರೂ ಮುದ್ರಣಾಲಯದಿಂದ ಬಂದ ಪ್ರತಿ ಪುಸ್ತಕದ ಮೊದಲ ಮತ್ತು ಕೊನೆಯ ಚೀಟಿಯ ಎರಡೂ ಭಾಗಗಳನ್ನು ಹೋಲಿಸಿ ನೋಡುವ ಹಳೆಯ ಪದ್ಧತಿಯನ್ನು ಬಿಡಬಾರದು.

ಸಭಾಂಗಣದ ಬಾಗಿಲಲ್ಲಿ ಕೊಡುವ ಚೀಟಿ ಸರಳ. ಒಂದೇ ಸಂಖ್ಯೆಯ ಜೋಡಿ ಚೀಟಿಗಳ ಸುರುಳಿ ಸಿದ್ಧವಾಗಿಯೇ ಸಿಗುತ್ತದೆ. ಬಣ್ಣದ ಕಾಗದ, ಸಂಖ್ಯೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಲೇಖನ ಸಾಮಗ್ರಿಗಳ ಸಗಟು ಪೇಟೆ. ಇಂಥ ಕಾಗದದ ಸಾಮಾನಿಗೆ ನಗರದ ಸಂಘಟಕರು ಹೋಗುವುದು ಅಲ್ಲಿಗೆ.

ಹಿನ್ನೆಲೆ

ಚೀಟಿ ಎತ್ತಿ ತೀರ್ಮಾನಿಸುವ ಪದ್ಧತಿಗೆ ದಕ್ಷಿಣ ಭಾರತದಲ್ಲಿ ಸಾವಿರ ವರ್ಷಕ್ಕೂ ಹಳೆಯ ದಾಖಲೆ ಇದೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಸುಮಾರು 920ರ ಶಾಸನಗಳು ಗ್ರಾಮಸಭೆಯ ಸಮಿತಿಗಳನ್ನು ಆರಿಸುವ ವಿಧಾನವನ್ನು ವಿವರವಾಗಿ ಹೇಳುತ್ತವೆ. ಅರ್ಹರ ಹೆಸರುಗಳನ್ನು ಓಲೆಯ ಚೀಟಿಗಳಲ್ಲಿ ಬರೆದು ಮಡಕೆಗೆ ಹಾಕಿ, ಕಲಕಿ, ಏನೂ ಅರಿಯದ ಚಿಕ್ಕ ಹುಡುಗನಿಂದ ಎತ್ತಿಸಬೇಕು ಎಂಬುದು ಅದರ ನಿಯಮ. ಎಲ್ಲರ ಕಣ್ಣೆದುರು ಕಲಕುವುದು, ಮಗುವಿನ ಕೈಯಿಂದ ಎತ್ತಿಸುವುದು ಇವೆರಡೂ ಇಂದಿನ ಮುಂಬಯಿ ವೇದಿಕೆಗಳಲ್ಲಿ ಹಾಗೆಯೇ ಉಳಿದಿವೆ.

ಹಣ ಎತ್ತುವ ಸಾಧನವಾಗಿ ಚೀಟಿ ಬಂದದ್ದು ಈಸ್ಟ್ ಇಂಡಿಯಾ ಕಂಪನಿ ಆಡಳಿತದ ಕಾಲದಲ್ಲಿ. ಕಲ್ಕತ್ತೆಯ ಟೌನ್ ಹಾಲ್ ಲಾಟರಿ ಹಣದಿಂದ ಎದ್ದಿತು. 1817ರಲ್ಲಿ ಆ ನಗರದ ಸುಧಾರಣೆಗೆಂದೇ ಲಾಟರಿ ಸಮಿತಿ ರಚನೆಯಾಯಿತು. ಮುಂಬಯಿಯಲ್ಲಿ ಇದರ ಗುರುತು ಇನ್ನೂ ಕಣ್ಣಿಗೆ ಕಾಣುತ್ತದೆ. ಹಾರ್ನಿಮನ್ ಸರ್ಕಲ್ ಎದುರು ಉದ್ದನೆಯ ಮೆಟ್ಟಿಲು ಸಾಲು ಮತ್ತು ಬಿಳಿ ಕಂಬಗಳಿರುವ ಟೌನ್ ಹಾಲ್, ಅಂದರೆ ಈಗ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ ಕಟ್ಟಡದ ಪ್ರಸ್ತಾಪವನ್ನು 1811ರಲ್ಲಿ ಮುಂಬಯಿಯ ನ್ಯಾಯಾಧೀಶನಾಗಿದ್ದ ಸರ್ ಜೇಮ್ಸ್ ಮ್ಯಾಕಿಂಟಾಷ್ ಮಂಡಿಸಿದ. ಆರಂಭದ ಹಣವನ್ನು ಲಾಟರಿಯಿಂದ ಎತ್ತಲಾಯಿತು. ಅದು ಸಾಲದೆ ಹೋದಾಗ ಕಚೇರಿಗಳಿಗೆ ಜಾಗ ಕೊಡುವ ಕರಾರಿನ ಮೇಲೆ ಸರ್ಕಾರ ಕೈಜೋಡಿಸಿತು. ಕಟ್ಟಡ ಮುಗಿದದ್ದು 1833ರಲ್ಲಿ. ಚೀಟಿಯಿಂದ ಶುರುವಾದ ಕೆಲಸ ಚೀಟಿಯಿಂದಲೇ ಪೂರ್ತಿಯಾಗುವುದು ಅಪರೂಪ ಎಂಬುದನ್ನು ಇಂದಿನ ಕಟ್ಟಡ ನಿಧಿ ಸಮಿತಿಗಳೂ ಬಲ್ಲವು.

ಖಾಸಗಿ ಲಾಟರಿಗಳ ಹಾವಳಿ ಹೆಚ್ಚಿದಂತೆ 1870ರಲ್ಲಿ ಭಾರತೀಯ ದಂಡ ಸಂಹಿತೆಗೆ 294ಎ ಕಲಮನ್ನು ಸೇರಿಸಿ, ಸರ್ಕಾರದ ಅನುಮತಿಯಿಲ್ಲದ ಲಾಟರಿ ಕಚೇರಿ ನಡೆಸುವುದನ್ನು ಅಪರಾಧವಾಗಿಸಲಾಯಿತು. 1887ರ ಮುಂಬಯಿ ಜೂಜು ತಡೆ ಕಾಯ್ದೆ ಅದರ ಹಿಂದೆಯೇ ಬಂತು. ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತ್ಯವು 1948ರಲ್ಲಿ ಕಾಯ್ದೆಯೊಂದರ ಮೂಲಕ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಮೇಲೆ ನಿಯಂತ್ರಣ ಮತ್ತು ತೆರಿಗೆ ಹಾಕಿತು. ಈ ಕಾಯ್ದೆಯ ಅತ್ಯಂತ ಪ್ರಸಿದ್ಧ ಮೊಕದ್ದಮೆಗೆ ಬೆಂಗಳೂರಿನ ನಂಟಿದೆ. ಬೆಂಗಳೂರಿನಿಂದ ಹೊರಡುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಎಂಬ ಪತ್ರಿಕೆಯ ಪದಬಂಧ ಸ್ಪರ್ಧೆಗೆ ಮುಂಬಯಿಯಿಂದ ಶುಲ್ಕ ಕಟ್ಟಿ ಉತ್ತರ ಕಳಿಸುತ್ತಿದ್ದವರು ಅನೇಕರು. ಹೊರಗಿನ ಪತ್ರಿಕೆಗಳಿಗೂ ತೆರಿಗೆ ಅನ್ವಯಿಸುವಂತೆ 1952ರಲ್ಲಿ ಮುಂಬಯಿ ಸರ್ಕಾರ ತಿದ್ದುಪಡಿ ತಂದಾಗ ಸ್ಪರ್ಧೆಯ ಮಾಲೀಕ ಆರ್.ಎಂ.ಡಿ. ಚಮಾರಬಾಗವಾಲಾ ನ್ಯಾಯಾಲಯಕ್ಕೆ ಹೋದರು. 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮುಂಬಯಿ ಸರ್ಕಾರದ ಪರ ತೀರ್ಪು ನೀಡಿ, ಜೂಜಿನ ಸ್ವರೂಪದ ಚಟುವಟಿಕೆಗೆ ವ್ಯಾಪಾರದ ಮೂಲಭೂತ ಹಕ್ಕಿನ ರಕ್ಷಣೆ ಇಲ್ಲ ಎಂದಿತು. ಅದೃಷ್ಟವನ್ನು ಆಧರಿಸಿದ ಬಹುಮಾನ ಯೋಜನೆಗಳ ಬಗ್ಗೆ ಇಂದಿಗೂ ಭಾರತದ ಕಾನೂನು ನಿಂತಿರುವುದು ಈ ತೀರ್ಪಿನ ಮೇಲೆ.

1960ರ ದಶಕ ಮುಂಬಯಿಯ ಚೀಟಿಗೆ ಎರಡು ವಿರುದ್ಧ ಮುಖಗಳನ್ನು ಕೊಟ್ಟಿತು. ಒಂದೆಡೆ 1962ರ ಹೊತ್ತಿಗೆ ವರಳಿಯಲ್ಲಿ ಹುಟ್ಟಿದ ಮಟ್ಕಾ: ಮಡಕೆಯಿಂದ ಚೀಟಿ ಎತ್ತಿ ಅಂಕಿ ಹೇಳುವ ಜೂಜು ಗಿರಣಿ ಕಾರ್ಮಿಕರ ಕೇರಿಗಳಲ್ಲಿ ಹರಡಿತು. ಇನ್ನೊಂದೆಡೆ 1969ರ ಏಪ್ರಿಲ್ 12ರಂದು ಮಹಾರಾಷ್ಟ್ರ ರಾಜ್ಯ ಲಾಟರಿ ಆರಂಭವಾಯಿತು. ಜನರನ್ನು ಮಟ್ಕಾದಿಂದ ಬಿಡಿಸಿ ನಂಬಬಹುದಾದ ದಾರಿ ತೋರಿಸಬೇಕೆಂಬುದು ಅದಕ್ಕೆ ಕೊಟ್ಟ ಸಮರ್ಥನೆಗಳಲ್ಲಿ ಒಂದು. ಕೇರಳ ಎರಡು ವರ್ಷ ಮೊದಲೇ, 1967ರಲ್ಲಿ, ಆ ಹಾದಿ ಹಿಡಿದಿತ್ತು. ಕರ್ನಾಟಕವೂ ಲಾಟರಿ ನಡೆಸಿ 2007ರಲ್ಲಿ ಅದನ್ನು ಪೂರ್ತಿಯಾಗಿ ನಿಷೇಧಿಸಿತು. ಮಹಾರಾಷ್ಟ್ರದಲ್ಲಿ ಸರ್ಕಾರಿ ಲಾಟರಿ ಉಳಿದುಕೊಂಡದ್ದರಿಂದ ಊರಲ್ಲಿ ಕಾಣದ ಟಿಕೆಟ್ ಅಂಗಡಿ ಮುಂಬಯಿ ಕನ್ನಡಿಗರಿಗೆ ನಿತ್ಯ ಕಾಣುವ ನೋಟ.

ಕನ್ನಡ ಸಂಘಗಳಲ್ಲಿ

ದಕ್ಷಿಣ ಕನ್ನಡ, ಉಡುಪಿ ಕರಾವಳಿಯಿಂದಲೂ ಮೈಸೂರು ಸೀಮೆಯಿಂದಲೂ ಮುಂಬಯಿಗೆ ಬಂದವರು ಊರಿನ ಮತ್ತು ಸಮುದಾಯದ ಆಧಾರದ ಮೇಲೆ ಸಂಘ ಕಟ್ಟಿಕೊಂಡರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಆರಂಭವಾದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದುವ ಹುಡುಗರ ಪುಸ್ತಕ, ಫೀಸು, ಕಾಯಿಲೆ ಬಿದ್ದವರನ್ನು ಊರಿಗೆ ಕಳಿಸುವ ಖರ್ಚು ಇವು ಇಂಥ ಸಂಘಗಳು ಹೊತ್ತ ಮೊದಲ ಹೊಣೆಗಳು. ಸರ್ಕಾರದ ಅನುದಾನ ಇಲ್ಲದ ಈ ಕೆಲಸಗಳಿಗೆ ಸದಸ್ಯತ್ವದ ಹಣ ಸಾಲುತ್ತಿರಲಿಲ್ಲ. ಸಹಾಯಾರ್ಥ ನಾಟಕ, ಯಕ್ಷಗಾನ, ಸ್ಮರಣ ಸಂಚಿಕೆಯ ಜಾಹೀರಾತು, ದಾನಿಗಳ ದೇಣಿಗೆ ಇವುಗಳ ಸಾಲಿನಲ್ಲೇ ಅದೃಷ್ಟ ಚೀಟಿಯೂ ಸೇರಿಕೊಂಡಿತು.

ಈ ಸಾಧನಗಳಲ್ಲಿ ಚೀಟಿಗೆ ಒಂದು ವಿಶೇಷ ಗುಣ ಇದೆ. ಸ್ಮರಣ ಸಂಚಿಕೆಯ ಪುಟ ಕೊಳ್ಳುವವರು ಹೋಟೆಲ್ ಮಾಲೀಕರು, ಉದ್ಯಮಿಗಳು. ವೇದಿಕೆಯ ಮೇಲೆ ಶಾಲು ಹೊದೆಸಿ ಗೌರವಿಸುವುದೂ ಅವರನ್ನೇ. ಚೀಟಿಯ ಪುಸ್ತಕ ಮಾತ್ರ ಹೋಟೆಲಿನ ಮಾಣಿ, ಬ್ಯಾಂಕಿನ ಗುಮಾಸ್ತೆ, ಚಾಳಿನ ಗೃಹಿಣಿಯ ಹತ್ತಿರ ಹೋಗುತ್ತದೆ. ಸಣ್ಣ ಮೊತ್ತ ಕೊಟ್ಟವರೂ ಸಂಘದ ಕೆಲಸದಲ್ಲಿ ಪಾಲುದಾರರಾಗುತ್ತಾರೆ. ಹಣಕ್ಕಿಂತ ಈ ಪಾಲುದಾರಿಕೆಯೇ ಸಂಘಗಳಿಗೆ ಚೀಟಿಯಿಂದ ಆದ ದೊಡ್ಡ ಲಾಭ ಎಂದರೆ ತಪ್ಪಲ್ಲ.

ಮಾರಾಟ ನಡೆಯುವುದು ಸ್ಥಳೀಯ ಸಮಿತಿ, ಪ್ರಾದೇಶಿಕ ಸಮಿತಿ, ಮಹಿಳಾ ವಿಭಾಗ, ಯುವ ವಿಭಾಗಗಳ ಮೂಲಕ. ವಿರಾರಿನಿಂದ ಡೊಂಬಿವಲಿ, ನವಿ ಮುಂಬಯಿವರೆಗೆ ಹರಡಿದ ಸದಸ್ಯರನ್ನು ಕೇಂದ್ರ ಕಚೇರಿ ನೇರವಾಗಿ ತಲುಪಲಾರದು. ಒಂದೊಂದು ಸಮಿತಿಗೂ ಇಷ್ಟು ಪುಸ್ತಕ ಎಂದು ಹಂಚಿ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಯಾರು ಒಯ್ದರು ಎಂದು ವಹಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಡ್ರಾಕ್ಕೆ ಮುಂಚೆ ಮಾರಿದ ಚೀಟಿಗಳ ಕೌಂಟರ್‌ಫಾಯಿಲ್, ಹಣ, ಮಾರದ ಪುಸ್ತಕ ಮೂರೂ ವಾಪಸು ಬರಬೇಕು. ಅನುಭವಿ ಕೋಶಾಧಿಕಾರಿಗಳು ಇದಕ್ಕೆ ಸಮಾರಂಭಕ್ಕಿಂತ ಹಲವು ದಿನ ಮುಂಚಿನ ಗಡುವು ಇಡುತ್ತಾರೆ. ಸಮಾರಂಭದ ದಿನ ಬಾಗಿಲಲ್ಲಿ ಕೈಗೆ ತುರುಕುವ ಪುಸ್ತಕಗಳೇ ಲೆಕ್ಕ ತಪ್ಪಿಸುವುದು.

ಬಹುಮಾನಗಳನ್ನು ಕೊಂಡು ತರುವುದಕ್ಕಿಂತ ಪ್ರಾಯೋಜಕರಿಂದ ಪಡೆಯುವುದು ರೂಢಿ. ಬಂಪರ್ ಬಹುಮಾನ ಸ್ಕೂಟರ್, ಟಿವಿ ಅಥವಾ ಚಿನ್ನದ ನಾಣ್ಯ; ಅದರ ಕೆಳಗೆ ಫ್ರಿಜ್, ಮಿಕ್ಸರ್, ಕುಕ್ಕರ್, ಸೀರೆ, ಬೆಳ್ಳಿ ದೀಪ; ಕೊನೆಯಲ್ಲಿ ಒಂದಷ್ಟು ಸಮಾಧಾನಕರ ಬಹುಮಾನಗಳು. ಬಂಪರ್ ಚೀಟಿಯನ್ನು ಮಾರುತ್ತದೆ. ಸಭಿಕರಿಗೆ ಖುಷಿ ಕೊಡುವುದು ಸಂಖ್ಯೆಯಲ್ಲಿ ಹೆಚ್ಚಿರುವ ಸಣ್ಣ ಬಹುಮಾನಗಳು. ಒಂದೇ ದೊಡ್ಡ ಬಹುಮಾನ ಇಟ್ಟ ಡ್ರಾ ಒಂದು ನಿಮಿಷದಲ್ಲಿ ಮುಗಿದು ಉಳಿದವರೆಲ್ಲ ಬರಿಗೈಲಿ ಹೊರಡುತ್ತಾರೆ.

ಸಮಾರಂಭದ ಬಗೆಗಳು

ಮಾರಾಟವಿಲ್ಲದ ಚೀಟಿಯೂ ಇಂದು ಮುಂಬಯಿಯಲ್ಲಿ ಬಳಕೆಯಲ್ಲಿದೆ. ಸಮಯಕ್ಕೆ ಸರಿಯಾಗಿ ಬಂದವರಿಗೆ ಲಕ್ಕಿ ಕೂಪನ್ ಎಂಬ ಸಾಲು ಅರಸಿನ ಕುಂಕುಮ, ತುಳುವರ ಆಟಿ ತಿಂಗಳ ಕೂಟವಾದ ಆಟಿಡೊಂಜಿ ದಿನ, ವಾರ್ಷಿಕೋತ್ಸವ, ಸ್ನೇಹ ಸಮ್ಮಿಲನಗಳ ಆಮಂತ್ರಣದಲ್ಲಿ ಸಾಮಾನ್ಯ. ಲೋಕಲ್ ರೈಲು ಬದಲಿಸಿ, ಮಕ್ಕಳನ್ನು ಕರೆದುಕೊಂಡು ಭಾನುವಾರ ಮಧ್ಯಾಹ್ನ ಹೊರಡುವ ಕುಟುಂಬಕ್ಕೆ ಬೇಗ ಬರಲು ಒಂದು ಕಾರಣ ಬೇಕು. ಬಂದವರು ಸಭಾ ಕಾರ್ಯಕ್ರಮ ಮುಗಿಯುವವರೆಗೆ ಕೂರಲು ಇನ್ನೊಂದು ಕಾರಣ ಬೇಕು. ಬಾಗಿಲಲ್ಲಿ ಕೊಟ್ಟು ಕೊನೆಗೆ ಎತ್ತುವ ಚೀಟಿ ಎರಡನ್ನೂ ಒದಗಿಸುತ್ತದೆ. ಹಾಜರಿದ್ದವರಿಗೆ ಮಾತ್ರ ಬಹುಮಾನ ಎಂಬ ನಿಯಮ ಇರುವುದೂ ಇದಕ್ಕೇ.

ಮರಾಠಿ ಬಡಾವಣೆಗಳಲ್ಲಿ ಸಂಕ್ರಾಂತಿಯ ನಂತರದ ಹಳದಿ ಕುಂಕು ಸಮಾರಂಭಗಳಿಗೆ ಪೈಠಣಿ ಸೀರೆಯೇ ಬಂಪರ್. 2004ರಲ್ಲಿ ಝೀ ಮರಾಠಿಯಲ್ಲಿ ಆರಂಭವಾದ ಹೋಮ್ ಮಿನಿಸ್ಟರ್ ಕಾರ್ಯಕ್ರಮ ಪೈಠಣಿಯನ್ನು ಮನೆಮನೆಯ ಬಹುಮಾನವಾಗಿಸಿತು. ರಾಜಕೀಯ ಮುಖಂಡರು ವಾರ್ಡ್ ಮಟ್ಟದಲ್ಲಿ ನಡೆಸುವ ಮಹಿಳಾ ಮೇಳಗಳೂ ಅದನ್ನೇ ಅನುಸರಿಸಿದವು. ಇವುಗಳಲ್ಲಿ ಚೀಟಿ ಉಚಿತ, ಖರ್ಚು ಮುಖಂಡರದ್ದು. ತುಂಬಿಸಿದ ಕೂಪನ್ನಿನ ಹೆಸರು ಮತ್ತು ಫೋನ್ ನಂಬರ್ ಮತದಾರರ ಪಟ್ಟಿಯ ಜೊತೆಗೆ ಉಳಿಯುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಬಾಂದ್ರಾ, ಕಲೀನ, ಮಲಾಡಿನ ಓರ್ಲೆಂ ಮೊದಲಾದ ಕಡೆ ನೆಲೆಸಿರುವ ಈಸ್ಟ್ ಇಂಡಿಯನ್, ಗೋವಾ ಮತ್ತು ಮಂಗಳೂರು ಮೂಲದ ಕ್ರೈಸ್ತರಲ್ಲಿ ಇಗರ್ಜಿಯ ಹಬ್ಬ, ಫೇಟ್, ಕ್ರಿಸ್ಮಸ್ ಕೂಟಗಳಿಗೆ ರಾಫಲ್ ಹಳೆಯ ಅಂಗ. ಅದರ ಜೊತೆಗೇ ನಡೆಯುವ ಹೌಸಿ, ಅಂದರೆ ತಂಬೋಲಾದ ಚೀಟಿಯ ರಚನೆ ಬೇರೆ. ಮೂರು ಅಡ್ಡ ಸಾಲು, ಒಂಬತ್ತು ಕಂಬಸಾಲಿನ ಚೌಕದಲ್ಲಿ 1ರಿಂದ 90ರೊಳಗಿನ 15 ಸಂಖ್ಯೆಗಳು ಇರುತ್ತವೆ. ಕೂಗುವವರು ಒಂದೊಂದು ಸಂಖ್ಯೆ ಹೇಳಿದಂತೆ ಹೊಡೆದು ಹಾಕುತ್ತ ಮೊದಲ ಐದು, ಮೇಲಿನ ಸಾಲು, ನಾಲ್ಕು ಮೂಲೆ, ಫುಲ್ ಹೌಸ್ ಎಂದು ಗೆಲ್ಲಬಹುದು. ರಾಫಲ್‌ನಲ್ಲಿ ಚೀಟಿ ಕೊಂಡ ಮೇಲೆ ಮಾಡುವ ಕೆಲಸ ಏನೂ ಇಲ್ಲ. ಹೌಸಿಯಲ್ಲಿ ಎಚ್ಚರದಿಂದ ಕೇಳುತ್ತಿರಬೇಕು. ಕರಾವಳಿ ಕನ್ನಡಿಗರ ವಿಹಾರಕೂಟಗಳಿಗೂ ಹೌಸಿ ಬಂದು ನೆಲೆಸಿದೆ.

ಡ್ರಾ

ಚೀಟಿ ಎತ್ತುವ ಹತ್ತು ನಿಮಿಷದ ಮೇಲೆ ಇಡೀ ವ್ಯವಸ್ಥೆಯ ಮರ್ಯಾದೆ ನಿಂತಿದೆ. ಮೊದಲ ನಿಯಮ, ಮಾರಾಟವಾದ ಚೀಟಿಗಳ ಭಾಗಗಳಷ್ಟೇ ಡಬ್ಬಿಯಲ್ಲಿರಬೇಕು. ಮಾರದ ಪುಸ್ತಕದ ಚೀಟಿಗಳೂ ಒಳಗಿದ್ದರೆ ಬಹುಮಾನ ಸಂಘದ ಬಳಿಯೇ ಉಳಿಯಬಹುದು. ಕೊಂಡವರ ಅವಕಾಶ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎರಡನೆಯದು, ಎಲ್ಲ ತುಂಡುಗಳೂ ಒಂದೇ ಅಳತೆ, ಒಂದೇ ಮಡಿಕೆ. ದಪ್ಪಗೆ ಮಡಿಸಿದ ಅಥವಾ ಪಿನ್ ಅಂಟಿಕೊಂಡ ತುಂಡು ಕೈಗೆ ಬೇಗ ಸಿಗುತ್ತದೆ.

ಮೂರನೆಯದು ಕಲಕುವುದು, ಇದನ್ನೇ ಹೆಚ್ಚು ಕಡೆಗಣಿಸುತ್ತಾರೆ. ಕೊನೆಗೆ ಬಂದ ಪುಸ್ತಕಗಳ ತುಂಡುಗಳು ಮೇಲೆಯೇ ಇರುತ್ತವೆ, ಮಗು ಕೈಹಾಕಿದಾಗ ಸಿಗುವುದೂ ಅವೇ. ಕಲಕುವುದು ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಆರಿಸಲು 1969ರ ಡಿಸೆಂಬರ್ 1ರಂದು 366 ಜನ್ಮದಿನಗಳ ಚೀಟಿಗಳನ್ನು ಪುಟ್ಟ ಡಬ್ಬಿಗಳಲ್ಲಿಟ್ಟು ಗಾಜಿನ ಪಾತ್ರೆಯಿಂದ ಎತ್ತಲಾಯಿತು. ತಿಂಗಳ ಕ್ರಮದಲ್ಲಿ ಹಾಕಿದ ಡಬ್ಬಿಗಳು ಚೆನ್ನಾಗಿ ಬೆರೆಯದ ಕಾರಣ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಾಂಕಗಳು ಹೆಚ್ಚಾಗಿ ಮೊದಲೇ ಬಂದವು. ಅಲ್ಲಿ ಅದು ಸೈನ್ಯಕ್ಕೆ ಹೋಗುವ ಪ್ರಶ್ನೆಯಾಗಿತ್ತು. ಸಂಘದ ಡ್ರಾದಲ್ಲಿ ಹೋಗುವುದು ಒಂದು ಕುಕ್ಕರ್ ಇರಬಹುದು, ಆದರೆ ಅನ್ಯಾಯದ ಬಗೆ ಒಂದೇ. ತಿರುಗಿಸುವ ಪಾರದರ್ಶಕ ಡ್ರಮ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಗಲವಾದ ಪಾತ್ರೆಯಲ್ಲಿ ತಳದಿಂದ ಮೇಲಕ್ಕೆ ಕೈಯಾಡಿಸಿ, ಪ್ರತಿ ಬಹುಮಾನಕ್ಕೂ ಮತ್ತೆ ಕಲಕಬೇಕು.

ಚೀಟಿ ಎತ್ತಲು ಸಭಿಕರ ನಡುವಿನ ಮಗುವನ್ನೋ ಮುಖ್ಯ ಅತಿಥಿಯನ್ನೋ ಕರೆಯುತ್ತಾರೆ. ಎತ್ತಿದ ತುಂಡನ್ನು ಇಬ್ಬರು ಓದಿ, ಒಬ್ಬರು ಬರೆದುಕೊಳ್ಳುತ್ತಾರೆ. ಸಂಖ್ಯೆಯನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದೊಂದೇ ಅಂಕಿಯಾಗಿ ಕೂಗಿದರೆ ಗೊಂದಲವಿಲ್ಲ. ಸಣ್ಣ ಬಹುಮಾನದಿಂದ ಬಂಪರಿನ ಕಡೆಗೆ ಏರುವುದು ಎಲ್ಲೆಡೆಯ ಕ್ರಮ. ಪದಾಧಿಕಾರಿಗಳ ಮನೆಯವರಿಗೇ ಬಂಪರ್ ಬಂದರೆ ಎಷ್ಟೇ ನ್ಯಾಯವಾಗಿ ಬಂದಿದ್ದರೂ ಮಾತು ಬರುತ್ತದೆ. ಕಾರ್ಯಕಾರಿ ಸಮಿತಿಯವರು ಚೀಟಿ ಕೊಂಡರೂ ಬಹುಮಾನಕ್ಕೆ ಅರ್ಹರಲ್ಲ ಎಂದು ಮೊದಲೇ ಅಚ್ಚು ಹಾಕಿಸುವುದು ಲೇಸು.

ಸಮಯವೂ ನಿಯಮದ ಭಾಗವೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣದ ಒಳಗಿದ್ದರೂ ದೂರದ ಉಪನಗರಗಳವರು ರೈಲು ಹಿಡಿಯಬೇಕು. ಭಾಷಣಗಳು ಉದ್ದವಾಗಿ ಡ್ರಾ ಹಿಂದೆ ಸರಿದರೆ, ಹಾಜರಿದ್ದವರಿಗೆ ಮಾತ್ರ ಎಂಬ ನಿಯಮದಿಂದ ನಷ್ಟವಾಗುವುದು ದೂರದಿಂದ ಬಂದವರಿಗೇ. ಹತ್ತಿರದ ಮನೆಯವರು ಗೆಲ್ಲುತ್ತಲೇ ಹೋಗುತ್ತಾರೆ.

ಗೆಲ್ಲುವ ಸಾಧ್ಯತೆಯ ಲೆಕ್ಕ ಕಷ್ಟವಲ್ಲ. 1,000 ಚೀಟಿ ಮಾರಾಟವಾಗಿ 10 ಬಹುಮಾನಗಳಿದ್ದರೆ ಒಂದು ಚೀಟಿಗೆ ನೂರರಲ್ಲಿ ಒಂದು ಅವಕಾಶ. ಹತ್ತು ಚೀಟಿ ಕೊಂಡವರಿಗೆ ಒಂದಾದರೂ ಬಹುಮಾನ ಸಿಗುವ ಸಾಧ್ಯತೆ ಶೇ 9.6ರಷ್ಟು, ಅಂದರೆ ಇಡೀ ಪುಸ್ತಕ ಕೊಂಡರೂ ಹತ್ತರಲ್ಲಿ ಒಂಬತ್ತು ಸಲ ಏನೂ ಬರುವುದಿಲ್ಲ. 50 ರೂಪಾಯಿಯ ಚೀಟಿಯಾದರೆ ಸಂಗ್ರಹ 50,000 ರೂಪಾಯಿ. ಬಹುಮಾನಗಳು ದಾನವಾಗಿ ಬಂದಿದ್ದರೆ ಮುದ್ರಣದ ಖರ್ಚು ಕಳೆದು ಉಳಿದದ್ದೆಲ್ಲ ನಿಧಿಗೆ ಸೇರುತ್ತದೆ. ಕೊಂಡು ತಂದದ್ದಾದರೆ ಅರ್ಧಕ್ಕೂ ಹೆಚ್ಚು ಅಲ್ಲೇ ಕರಗಬಹುದು. ಹೊಸದಾಗಿ ಚೀಟಿ ನಡೆಸುವ ಸಂಘ ಪ್ರಾಯೋಜಕರು ಖಚಿತವಾದ ಮೇಲಷ್ಟೇ ಮುದ್ರಣಕ್ಕೆ ಕೊಡಬೇಕು.

ಕಾನೂನು ಮತ್ತು ತೆರಿಗೆ

ಹಣ ಕೊಟ್ಟು ಪಾಲ್ಗೊಳ್ಳುವುದು, ಅದೃಷ್ಟದಿಂದ ಆಯ್ಕೆ, ಬಹುಮಾನ ಈ ಮೂರೂ ಸೇರಿದರೆ ಕಾನೂನಿನ ದೃಷ್ಟಿಯಲ್ಲಿ ಅದು ಲಾಟರಿ. ಉದ್ದೇಶ ಧರ್ಮಕಾರ್ಯವಾದರೂ ಈ ಲಕ್ಷಣ ಬದಲಾಗುವುದಿಲ್ಲ. ಬ್ರಿಟನ್ನಿನಲ್ಲಿ 1934ರ ಕಾಯ್ದೆಯೇ ಮನರಂಜನಾ ಕೂಟಗಳ ಜೊತೆಗೆ ನಡೆಯುವ ಸಣ್ಣ ಲಾಟರಿಗಳನ್ನು ಷರತ್ತಿನ ಮೇಲೆ ಪ್ರತ್ಯೇಕವಾಗಿ ಗುರುತಿಸಿತು. ಭಾರತದಲ್ಲಿ ಸರ್ಕಾರಗಳು ನಡೆಸುವ ಲಾಟರಿ ಸಂವಿಧಾನದ ಕೇಂದ್ರ ಪಟ್ಟಿಯ 40ನೆಯ ವಿಷಯ; ಪಂದ್ಯ ಮತ್ತು ಜೂಜು ರಾಜ್ಯ ಪಟ್ಟಿಯ 34ನೆಯದು. 1998ರ ಲಾಟರಿ ನಿಯಂತ್ರಣ ಕಾಯ್ದೆ ಅನ್ವಯಿಸುವುದು ರಾಜ್ಯಗಳ ಲಾಟರಿಗೆ: ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇಲ್ಲ, ಟಿಕೆಟನ್ನು ರಾಜ್ಯವೇ ಅಚ್ಚು ಹಾಕಿಸಬೇಕು, ಒಂದೇ ಅಂಕಿಯ ಆಧಾರದ ಮೇಲೆ ಬಹುಮಾನ ಕೊಡಕೂಡದು ಎಂಬಂಥ ಷರತ್ತುಗಳು ಅದರಲ್ಲಿವೆ. ಖಾಸಗಿಯವರಿಗೆ ಮುಖ್ಯವಾದದ್ದು ದಂಡ ಸಂಹಿತೆ. ಹಳೆಯ 294ಎ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಮು ಬಂದಿದೆ. ಅಧಿಕೃತವಲ್ಲದ ಲಾಟರಿಗೆ ಕಚೇರಿ ಇಟ್ಟರೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ಅದರ ಪ್ರಚಾರಕ್ಕೆ 5,000 ರೂಪಾಯಿವರೆಗೆ ದಂಡ. ಮಹಾರಾಷ್ಟ್ರದಲ್ಲಿ ಲಾಟರಿಗಳ ನಿಯಂತ್ರಣ ಮತ್ತು ತೆರಿಗೆಗೆ 1958ರ ಮುಂಬಯಿ ಕಾಯ್ದೆಯೂ ಇದೆ. ಹೀಗಾಗಿ ಚೀಟಿ ಮಾರಲು ಹೊರಡುವ ಸಂಘ ಅಚ್ಚು ಹಾಕಿಸುವ ಮುಂಚೆಯೇ ವಕೀಲರನ್ನು ಕೇಳಿ ಅನುಮತಿಯ ವಿಚಾರ ಇತ್ಯರ್ಥ ಮಾಡಿಕೊಳ್ಳಬೇಕು. ಚೀಟಿಯ ಮೇಲೆ ದೇಣಿಗೆ ಕೂಪನ್ ಎಂದು ಬರೆದ ಮಾತ್ರಕ್ಕೆ ಅದರ ಸ್ವರೂಪ ಬದಲಾಗದು. ಬಂದವರೆಲ್ಲರಿಗೂ ಉಚಿತವಾಗಿ ಕೊಡುವ ಕೂಪನ್ನಿಗೆ ಈ ತೊಡಕಿಲ್ಲ; ಆದರೆ ಪ್ರವೇಶಪತ್ರದ ಬೆಲೆಯಲ್ಲೇ ಚೀಟಿಯ ಬೆಲೆ ಸೇರಿಕೊಂಡಿದ್ದರೆ ಅದನ್ನು ಉಚಿತ ಎನ್ನುವುದು ಕಷ್ಟ. ಸುತ್ತಿನ ಮೇಲೆ ಸುತ್ತು ಚೀಟಿ ಎತ್ತಿ ಹಣ ಹಂಚುವ ಬಹುಮಾನ ಚೀಟಿ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಅಂಗಡಿಗಳು ದೀಪಾವಳಿ, ಗಣೇಶೋತ್ಸವಗಳಲ್ಲಿ ಖರೀದಿಗೆ ಕೂಪನ್ ಕೊಟ್ಟು ನಡೆಸುವ ಡ್ರಾಗಳು ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಣ್ಣಿಗೆ ಬೀಳುತ್ತವೆ. ಮಾರಾಟ ಹೆಚ್ಚಿಸಲು ಲಾಟರಿ ಅಥವಾ ಅದೃಷ್ಟದಾಟ ನಡೆಸುವುದು, ನಡೆಸಿದ ಯೋಜನೆಯ ಅಂತಿಮ ಫಲಿತಾಂಶವನ್ನು ಪಾಲ್ಗೊಂಡವರಿಗೆ ತಿಳಿಸದಿರುವುದು ಎರಡನ್ನೂ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ವಿವರಣೆಯಲ್ಲಿ ಸೇರಿಸಿದೆ.

ಗೆದ್ದವರು ಸಾಮಾನ್ಯವಾಗಿ ಮರೆಯುವ ವಿಷಯ ಆದಾಯ ತೆರಿಗೆ. ಚೀಟಿ ಎತ್ತಿ ಕೊಡುವ ಯಾವುದೇ ಯೋಜನೆಯ ಬಹುಮಾನ, ಅದಕ್ಕೆ ಯಾವ ಹೆಸರಿಟ್ಟರೂ, ತೆರಿಗೆಯ ಮಟ್ಟಿಗೆ ಲಾಟರಿ ಗಳಿಕೆಯೇ. ಆದಾಯ ತೆರಿಗೆ ಕಾನೂನಿನಂತೆ 10,000 ರೂಪಾಯಿ ಮೀರಿದ ಗೆಲುವಿಗೆ ಮೂಲದಲ್ಲೇ ಶೇ 30 ಕಡಿತ. ಬಹುಮಾನ ವಸ್ತುವಾಗಿದ್ದರೆ ತೆರಿಗೆ ಕಟ್ಟಿದ್ದು ಖಚಿತವಾದ ಮೇಲೆಯೇ ಅದನ್ನು ಹಸ್ತಾಂತರಿಸಬೇಕು. ಒಂದು ಲಕ್ಷ ರೂಪಾಯಿಯ ಸ್ಕೂಟರ್ ಗೆದ್ದವರು ಕೀಲಿಕೈ ಪಡೆಯುವ ಮುಂಚೆ 30,000 ರೂಪಾಯಿ ಹೊಂದಿಸಬೇಕು ಎಂದಾಯಿತು. ಈ ಹೊರೆ ಯಾರದು, ಗೆದ್ದವರದೋ ಪ್ರಾಯೋಜಕರದೋ ಎಂಬುದನ್ನು ಚೀಟಿಯ ಮೇಲೆಯೇ ಸ್ಪಷ್ಟಪಡಿಸದಿದ್ದರೆ ವೇದಿಕೆಯ ಮೇಲಿನ ಸಂತೋಷ ಮರುದಿನ ತಕರಾರಾಗುತ್ತದೆ. ನೋಂದಾಯಿತ ಸಂಸ್ಥೆಗಳು 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಒಪ್ಪಿಸುತ್ತವೆ. ಚೀಟಿಯ ಆದಾಯವೂ ಆ ಲೆಕ್ಕದಲ್ಲಿ ಕಾಣಬೇಕು.

ನಗರದ ದೊಡ್ಡ ಸೋಡತ್‌ಗಳು

ಮುಂಬಯಿಯಲ್ಲಿ ಚೀಟಿ ಸಮಾರಂಭದ ಸಭಾಂಗಣಕ್ಕಷ್ಟೇ ಸೀಮಿತವಲ್ಲ. ಗೃಹನಿರ್ಮಾಣ ಮಂಡಳಿಯಾದ ಮ್ಹಾಡಾ ತನ್ನ ಮನೆಗಳನ್ನು ಹಂಚುವುದು ಸೋಡತ್ ಮೂಲಕ. ಅರ್ಜಿದಾರರು ಠೇವಣಿ ಕಟ್ಟುತ್ತಾರೆ, ಸಿಗದಿದ್ದರೆ ಠೇವಣಿ ವಾಪಸು ಬರುತ್ತದೆ. ಮುಚ್ಚಿದ ಬಟ್ಟೆ ಗಿರಣಿಗಳ ಜಾಗದಲ್ಲಿ ಕಟ್ಟಿದ 6,925 ಮನೆಗಳನ್ನು 2012ರ ಜೂನ್‌ನಲ್ಲಿ ಗಿರಣಿ ಕಾರ್ಮಿಕರಿಗೆ ಹೀಗೆಯೇ ಹಂಚಲಾಯಿತು. 1982ರ ಮುಷ್ಕರದ ನಂತರ ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಎಷ್ಟೋ ಮಂದಿ ಹೆಸರು ಬರುವುದನ್ನು ಕಾಯುತ್ತಲೇ ವೃದ್ಧರಾದರು. ಮಹಾನಗರ ಪಾಲಿಕೆಯ ವಾರ್ಡುಗಳ ಮೀಸಲಾತಿಯೂ ಚೀಟಿ ಎತ್ತಿಯೇ ನಿಗದಿಯಾಗುತ್ತದೆ. 2017ರ ಪಾಲಿಕೆ ಚುನಾವಣೆಯಲ್ಲಿ 220ನೆಯ ವಾರ್ಡಿನ ಇಬ್ಬರು ಅಭ್ಯರ್ಥಿಗಳಿಗೆ ಸಮನಾಗಿ ಮತಗಳು ಬಂದಾಗ ಪುಟ್ಟ ಹುಡುಗಿಯೊಬ್ಬಳು ಎತ್ತಿದ ಚೀಟಿಯಿಂದ ಗೆದ್ದವರು ಯಾರೆಂದು ತೀರ್ಮಾನವಾಯಿತು. ಹಕ್ಕು ಸಮಾನವಾಗಿದ್ದು ವಸ್ತು ಸಾಲದಾದಾಗ ಚೀಟಿಗಿಂತ ನಿಷ್ಪಕ್ಷಪಾತವಾದ ವಿಧಾನ ಆಡಳಿತಕ್ಕೂ ಸಿಕ್ಕಿಲ್ಲ.

ಕಾಗದದಿಂದ ಫೋನಿಗೆ

ಯುಪಿಐ ಪಾವತಿ ಮತ್ತು ವಾಟ್ಸಪ್ ಗುಂಪುಗಳು ಬಂದ ಮೇಲೆ ಚೀಟಿಯ ಮಾರಾಟ ಭಾಗಶಃ ಫೋನಿಗೆ ಸರಿದಿದೆ. ಹಣ ನೇರವಾಗಿ ಸಂಘದ ಖಾತೆಗೆ ಬರುತ್ತದೆ, ಕೊಂಡವರ ಹೆಸರು ತಾನಾಗಿ ದಾಖಲಾಗುತ್ತದೆ. ವಹಿಯ ತಪ್ಪುಗಳು ಇಲ್ಲವಾಗುತ್ತವೆ. ಕಂಪ್ಯೂಟರ್ ಸಂಖ್ಯೆಯನ್ನು ಆರಿಸುವ ಡ್ರಾ ಗಣಿತದ ದೃಷ್ಟಿಯಿಂದ ಕೈಯಿಂದ ಎತ್ತುವುದಕ್ಕಿಂತ ಉತ್ತಮ. ಆದರೂ ಸಭಿಕರಿಗೆ ಪರದೆಯ ಮೇಲೆ ಮಿಂಚುವ ಅಂಕಿಗಿಂತ ಡಬ್ಬಿಯಿಂದ ಹೊರಬಂದ ಕಾಗದದ ಮೇಲೆ ಹೆಚ್ಚು ನಂಬಿಕೆ, ಏಕೆಂದರೆ ಅದನ್ನು ಅವರೇ ನೋಡಬಹುದು. ಫೋನಿನ ಚೀಟಿ ಸದಸ್ಯರ ವಲಯ ದಾಟಿ ಬೇರೆ ರಾಜ್ಯಗಳಿಗೆ ಸುಲಭವಾಗಿ ಹೋಗುತ್ತದೆ ಎಂಬುದು ಇನ್ನೊಂದು ಅಪಾಯ. ಲಾಟರಿ ನಿಷೇಧವಿರುವ ಕರ್ನಾಟಕದ ನೆಂಟರಿಗೆ ಲಿಂಕ್ ಕಳಿಸುವ ಮುನ್ನ ಇದನ್ನು ಯೋಚಿಸಬೇಕು.

ಡ್ರಾ ಮುಗಿದ ಮೇಲೆ ಗೆದ್ದ ಸಂಖ್ಯೆಗಳ ಪಟ್ಟಿಯನ್ನು ಸಂಘದ ಫಲಕದಲ್ಲಿ, ಮುಖವಾಣಿಯಲ್ಲಿ ಅಥವಾ ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಬಹುಮಾನ ಪಡೆಯಲು ಕೊಡುವ ಅವಧಿ ಚೀಟಿಯ ಮೇಲೆ ಅಚ್ಚಾಗಿರಬೇಕು. ಆ ಅವಧಿ ಮುಗಿದು ವಾರ್ಷಿಕ ಲೆಕ್ಕಪರಿಶೋಧನೆ ಆಗುವವರೆಗೆ ಕೌಂಟರ್‌ಫಾಯಿಲ್‌ಗಳನ್ನೂ ಮಾರದ ಪುಸ್ತಕಗಳನ್ನೂ ಕಚೇರಿಯಲ್ಲಿ ಕಟ್ಟಿ ಇಡಬೇಕು.